ಅಳಿವೆಯ ಆಚೆ ದಡದಲ್ಲಿ ನಡೆದವರು

ತುಂಬಿದ ಬಸುರಿಗೆ ಬುದ್ಧಿ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಗಂಗೊಳ್ಳಿಯ ಬಂದರಿನ ದಾರಿಯಲ್ಲಿ ನಾನು ಹೊಟ್ಟೆ ಮುಂದೆ ಮಾಡಿಕೊಂಡು ಹೊರಟರೆ ಸಾಕು, ಮೀನು ಒಣಗಿಸುವವರು, ಬಲೆ ಹೆಣೆಯುವವರು, ಐಸ್ ಪ್ಲಾಂಟಿನ ಮುಂದೆ ಲಾರಿ ಕಾಯುತ್ತ ಕೂತವರು, ಎಲ್ಲರೂ ಡಾಕ್ಟರರೇ. ಒಬ್ಬಳು ಮೆಲ್ಲ ನಡಿ ಎನ್ನುವಳು, ಇನ್ನೊಬ್ಬಳು ಬೀಸಿ ನಡಿ ಎನ್ನುವಳು. ಮೂರನೆಯವಳು ನಡೆಯಲೇಬೇಡ, ಮಗು ಇಳಿದುಬಿಡುತ್ತದೆ ಎನ್ನುವಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅದರ ಮೇಲೆ ಎಂಟು ತಿಂಗಳು ತುಂಬಿದ ಹೊಟ್ಟೆ, ಚಪ್ಪಲಿಯೊಳಗೆ ಹೋಗದ ಕಾಲು. ಗಂಡನ ದೊಡ್ಡ ಚಪ್ಪಲಿ ಮೆಟ್ಟಿಕೊಂಡು, ನೈಟಿಯ ಮೇಲೆ ಬೈರಾಸು ಹೊದ್ದುಕೊಂಡು, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದೆ.

ನಡೆಯುವುದು ನನಗೆ ಎಂದೂ ಹಿಡಿಸಿದ ಕೆಲಸವಲ್ಲ. ನಾನು ಕೂತು ದುಡಿಯುವವಳು. ಮದುವೆಗೆ ಮೊದಲೂ ಹೊಲಿಗೆ, ಮದುವೆಯಾದ ಮೇಲೂ ಹೊಲಿಗೆ. ರವಿಕೆ ಕತ್ತರಿಸುವುದಕ್ಕೆ ಒಮ್ಮೆ ಏಳುವುದು, ಊಟಕ್ಕೆ ಒಮ್ಮೆ ಏಳುವುದು. ಏಳನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಏರಿತ್ತು. ಕುಂದಾಪುರದ ಡಾಕ್ಟರಮ್ಮ ಕನ್ನಡಕ ಕೆಳಗಿಳಿಸಿ ನನ್ನನ್ನೇ ನೋಡಿ, "ಬಸುರಿ ಅಂದ್ರೆ ರೋಗಿ ಅಲ್ಲ. ಮೆಷಿನ್ ಮುಚ್ಚಿಡು. ಬೆಳಿಗ್ಗೆ, ಸಂಜೆ ನಡಿ. ಸಕ್ಕರೆ ಇಳಿಯದಿದ್ರೆ ಇನ್ಸುಲಿನ್ ಚುಚ್ಚಬೇಕಾಗ್ತದೆ, ಮಗು ದಪ್ಪ ಆದ್ರೆ ಹೊಟ್ಟೆ ಕೊಯ್ಯಬೇಕಾಗ್ತದೆ" ಎಂದರು. ಹೆದರಿಸಿ ನಡೆಸುವುದು ಅವರ ಕ್ರಮ. ನಾನು ಹೆದರಿದೆ, ಆದರೆ ನಡೆಯಲಿಲ್ಲ. ಮನೆಯಿಂದ ಬಾವಿಕಟ್ಟೆಗೆ ಹೋಗಿ ಬಂದು ನಡೆದಾಯಿತು ಎನ್ನುತ್ತಿದ್ದೆ.

ನನ್ನನ್ನು ನಿಜವಾಗಿ ನಡೆಸಿದವಳು ಅಮ್ಮ. ಬಾಯಲ್ಲಿ ನಾವು ಕರೆಯುವುದು ಅಬ್ಬಿ ಎಂದು. ಅವಳು ಇದ್ದದ್ದು ಕೋಡಿಯಲ್ಲಿ, ನಾನು ಹುಟ್ಟಿ ಬೆಳೆದ ಮನೆಯಲ್ಲಿ. ಗಂಗೊಳ್ಳಿಯ ಕಲ್ಲಿನ ದಂಡೆಯ ಮೇಲೆ ನಿಂತರೆ ಎದುರಿಗೆ ಅಳಿವೆ, ಹೊಳೆ ಸಮುದ್ರಕ್ಕೆ ಬೀಳುವ ಜಾಗ. ಅದರ ಆಚೆಗೆ ಕೋಡಿಯ ದಡ. ಅಲ್ಲಿ ನಾಯಿ ಓಡಿದರೆ ಇಲ್ಲಿ ಕಾಣುತ್ತದೆ, ಮನುಷ್ಯರು ನಿಂತರೆ ಗಂಡಸೋ ಹೆಂಗಸೋ ಎನ್ನುವಷ್ಟು ಕಾಣುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ರಸ್ತೆಯಲ್ಲಿ ಹೋಗುವುದಾದರೆ ಸೇತುವೆಗಳ ಮೇಲೆ ಸುತ್ತು ಹಾಕಿ, ಕುಂದಾಪುರ ಪೇಟೆ ಹೊಕ್ಕು, ಮತ್ತೆ ತಿರುಗಿ ಕಡಲ ಕಡೆಗೆ ಬರಬೇಕು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಾದವಳು ನಾನು. ಹೋಗಲಿಲ್ಲ. ಅಮ್ಮನಿಗೆ ಬಾಯಿಯ ಕ್ಯಾನ್ಸರ್ ಆಗಿತ್ತು. ನಲವತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿದವಳ ದವಡೆಯಲ್ಲಿ ಎಲೆಯಡಿಕೆ ಹೊಗೆಸೊಪ್ಪು ಸದಾ ಇರುತ್ತಿತ್ತು. ಅದೇ ಅವಳಿಗೆ ಚಾ, ಅದೇ ತಿಂಡಿ. ದವಡೆಯ ಒಂದು ಬದಿಯನ್ನೇ ತೆಗೆದರು. ಮಾತು ನಿಂತುಹೋಯಿತು. ಕೂದಲು ಉದುರಿತು. ಊರಿಡೀ ಕೂಗಿ ಮೀನು ಮಾರಿದವಳ ಬಾಯಿಂದ ಒಂದು 'ಹ್ವಾಯ್' ಸಹ ಹೊರಡದಂತಾಯಿತು. ಫೋನಿನಲ್ಲಿ ಅವಳ ಪರವಾಗಿ ಮಾತಾಡುವವರು ಅಪ್ಪಯ್ಯ. ವಿಡಿಯೊ ಕಾಲ್ ಮಾಡಿದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು.

ಅತ್ತೆಯದು ಬೇರೆಯೇ ಶಾಸ್ತ್ರ. "ತುಂಬಿದ್ ಬಸ್ರಿ ಹೊಳಿ ದಾಂಟುಕಾಗ ಮಗಾ."

"ಆಸ್ಪತ್ರಿಗ್ ಹೋಪತಿಗೆ ದಾಂಟುದ್ ಎಂತ, ಗದ್ದಿಯಾ?" ಎಂದು ಕೇಳಿದೆ.

"ಮದ್ದಿಗ್ ಹೋಪತಿಗೆ ಹೊಳಿ ಲೆಕ್ಕ ಇಲ್ಲೆ."

ಔಷಧಿಗೆ ದಾಟಿದರೆ ಹೊಳೆ ಅಲ್ಲ, ಅಮ್ಮನ ಮನೆಗೆ ದಾಟಿದರೆ ಅದೇ ಹೊಳೆ. ಇಂಥ ನ್ಯಾಯಕ್ಕೆ ನಾನೇನು ಹೇಳಲಿ. ಮುಂದಿನ ಸಲ ಡಾಕ್ಟರಮ್ಮನಲ್ಲಿಗೆ ಹೋದ ದಿನ, ಹೊಳೆ ಹೇಗೂ ದಾಟಿ ಆಗಿದೆಯಲ್ಲ ಎಂದು, ಗಂಡನನ್ನು ಪೀಡಿಸಿ ರಿಕ್ಷಾವನ್ನು ಕೋಡಿಯ ಕಡೆಗೆ ತಿರುಗಿಸಿದೆ.

ನಮ್ಮ ಮನೆಯ ಬಾಗಿಲು ಹಗಲಲ್ಲಿ ಹಾಕಿದ್ದನ್ನು ನಾನು ಕಂಡದ್ದಿಲ್ಲ. ಅಂದು ಹಾಕಿತ್ತು. ಅಪ್ಪಯ್ಯ ಜಗುಲಿಯಲ್ಲಿ ನಿಂತಿದ್ದರು. ನನ್ನನ್ನು ಕಂಡು ಅವರಿಗೆ ಸಂತೋಷವಾಯಿತೋ ಗಾಬರಿಯಾಯಿತೋ ತಿಳಿಯಲಿಲ್ಲ.

"ಅವ್ಳ್ ಹೊರ್ಗ್ ಬತ್ತಿಲ್ಲೆ ಮಗಾ. ಬಸ್ರಿ ತನ್ನ ಮುಖ ಕಾಂಬುಕಾಗ ಅಂತ್ಳ್. ಶಿಶುಗೆ ಆತಿಲ್ಲೆ ಅಂಬ್ರ್."

ಬಸುರಿ ಏನನ್ನು ಕಾಣುತ್ತಾಳೋ ಅದು ಮಗುವಿನ ಮುಖಕ್ಕೆ ಬರುತ್ತದೆ ಎಂಬ ಮಾತು ನಮ್ಮಲ್ಲಿ ಉಂಟು. ಆ ಮಾತು ನನ್ನ ಅಮ್ಮನನ್ನೇ ಬಾಗಿಲ ಹಿಂದೆ ನಿಲ್ಲಿಸುತ್ತದೆ ಎಂದುಕೊಂಡಿರಲಿಲ್ಲ. ನಾನು ಬಾಗಿಲಿಗೆ ಅಂಗೈಯಿಂದ ಬಡಿದೆ. "ನಾ ಎಂತ ಕಳ್ಳಿಯಾ? ಬಾಗ್ಲ್ ತೆಗಿ ಅಬ್ಬಿ" ಎಂದೆ. ಒಳಗೆ ಬಳೆಯ ಸದ್ದಾಯಿತು. ಅವಳು ಬಾಗಿಲಿಗೆ ಒರಗಿಯೇ ನಿಂತಿದ್ದಾಳೆ ಎಂದು ಗೊತ್ತಾಯಿತು. ನಾನೂ ಒರಗಿದೆ. ಹೊಟ್ಟೆ ಅಡ್ಡ ಬಂದದ್ದರಿಂದ ಪಕ್ಕಕ್ಕೆ ತಿರುಗಿ ಭುಜವನ್ನಷ್ಟೇ ಒರಗಿಸಲು ಆಯಿತು. ಮರದ ಹಲಗೆಯ ಆಚೆಗೆ ನನ್ನ ಅಮ್ಮ. ಅವಳು ತೆಗೆಯಲಿಲ್ಲ. ರಿಕ್ಷಾದವನು ಹಾರ್ನ್ ಹಾಕುವವರೆಗೂ ನಿಂತೆ, ಆಮೇಲೆ ಅಳುತ್ತ ಹೋಗಿ ಕೂತೆ.

ಮರುದಿನ ಅಪ್ಪಯ್ಯನ ಫೋನು ಬಂತು. ಹಿಂದಿನಿಂದ ಅಮ್ಮ ಕೈ ಸನ್ನೆ ಮಾಡುತ್ತಿರಬೇಕು, ಅವರು ತಡೆದು ತಡೆದು ಹೇಳಿದರು. "ನೀ ಸಂಜಿ ಹೊತ್ತಿಗೆ ಆಚಿ ದಂಡಿ ಮೇಲೆ ನಡಿ ಅಂಬ್ರ್. ತಾನೂ ಈಚಿ ಬದಿ ನಡಿತ್ಳಂಬ್ರ್. ಅಷ್ಟ್ ದೂರಕ್ಕೆ ಮುಖ ಕಾಂತಿಲ್ಲೆ ಅಲ್ದಾ." ಮತ್ತೆ ಹೇಳಿದರು, "ನೀ ಹೆತ್ತ್ ಮೇಲೆ ಬಾಗ್ಲ್ ತೆಗಿತ್ಳಂಬ್ರ್. ಶಿಶು ಕಾಣ್ಕಂಬ್ರ್ ಅವ್ಳಿಗೆ."

ಹೀಗೆ ನಾನು ನಡೆಯತೊಡಗಿದೆ. ಸಕ್ಕರೆಗೂ ಅಲ್ಲ, ಡಾಕ್ಟರಮ್ಮನ ಕನ್ನಡಕಕ್ಕೂ ಅಲ್ಲ. ಚೆನ್ನಾಗಿ ಹೆತ್ತು ಬೇಗ ಮಗುವನ್ನು ಎತ್ತಿಕೊಂಡು ಹೋಗಿ ಆ ಬಾಗಿಲು ತೆಗೆಸಬೇಕು. ಅಮ್ಮನಿಗೆ ಎಷ್ಟು ಸಮಯ ಉಳಿದಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ; ಹೇಳದೆಯೂ ತಿಳಿಯುವಷ್ಟು ಬುದ್ಧಿ ನನಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅತ್ತೆ ನೀರಿನ ಬಾಟಲಿ ಹಿಡಿದು ನನ್ನ ಹಿಂದೆ ಹೊರಡುತ್ತಿದ್ದರು. ದಂಡೆಯ ಮೇಲೆ ಮಟ್ಟಸವಾದ ದಾರಿ ಉಂಟು. ಮೊದಲ ಕೆಲವು ದಿನ ಸೊಂಟದ ಸಂದು ಬಿಟ್ಟುಹೋಗುವ ಹಾಗೆ ನೋಯುತ್ತಿತ್ತು. ನಾಲ್ಕು ಹೆಜ್ಜೆಗೆ ಏದುಸಿರು, ಎಂಟು ಹೆಜ್ಜೆಗೆ ಮೂತ್ರಕ್ಕೆ ಅವಸರ. ನಾನು ನಡೆಯುವಾಗ ಹೊಟ್ಟೆಯೊಳಗಿನದು ಸುಮ್ಮನೆ ನಿದ್ದೆ ಮಾಡುತ್ತಿತ್ತು, ನಿಂತ ಕೂಡಲೇ ಒದೆಯುತ್ತಿತ್ತು. "ಅಜ್ಜಿ ಹಾಂಗೆ, ನಿಂತ್ರೆ ಕಾಲ್ ಸುಡ್ತ್ ಇದ್ಕೂ" ಎಂದು ಅತ್ತೆ ನಗುತ್ತಿದ್ದರು.

ಆಚೆ ದಡದಲ್ಲಿ ಅಮ್ಮ ಕಾಣಿಸಿಕೊಳ್ಳುತ್ತಿದ್ದಳು. ತಲೆಯ ಮೇಲೆ ಸೆರಗು, ಕೆಂಪು ಸೀರೆ. ನಾನು ಗುರುತು ಹಿಡಿಯಲಿ ಎಂದು ದಿನಾ ಕೆಂಪನ್ನೇ ಉಡುತ್ತಾಳೆ ಎಂದು ಅಪ್ಪಯ್ಯ ಹೇಳಿದ್ದರು. ಅವಳು ನಡೆಯುತ್ತಿದ್ದದ್ದು ಸ್ವಲ್ಪವೇ. ಬೆನ್ನು ಬಾಗಿತ್ತು. ಒಂದಷ್ಟು ದೂರ ನಡೆದು ಕಲ್ಲಿನ ಮೇಲೆ ಕೂರುವುದು, ಮತ್ತೆ ಏಳುವುದು. ನಾನು ಕಡಲ ಕಡೆಗೆ ನಡೆದರೆ ಅವಳೂ ಕಡಲ ಕಡೆಗೆ, ನಾನು ತಿರುಗಿದರೆ ಅವಳೂ ತಿರುಗುವುದು. ನಡುವೆ ಬೋಟುಗಳು ಬಂದರೆ ಕ್ಷಣ ಹೊತ್ತು ಮರೆಯಾಗಿ ಮತ್ತೆ ಕಾಣುತ್ತಿದ್ದಳು. ಹೋಗುವಾಗ ಕೈ ಎತ್ತುತ್ತಿದ್ದಳು. ನಾನೂ ಎತ್ತುತ್ತಿದ್ದೆ. ಇಷ್ಟೇ ನಮ್ಮ ಭೇಟಿ. ಆದರೂ ರಾತ್ರಿ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಸಕ್ಕರೆಯೂ ಇಳಿಯಿತು. ಡಾಕ್ಟರಮ್ಮ ತಮ್ಮದೇ ಗೆಲುವು ಎಂದುಕೊಂಡರು, ನಾನು ತಿದ್ದಲಿಲ್ಲ.

ಒಂದು ಸಂಜೆ ಅಮ್ಮ ಬರಲಿಲ್ಲ. ಬೋಟುಗಳ ದೀಪ ಹೊತ್ತುವವರೆಗೂ ನಾನು ದಂಡೆಯಿಂದ ಕದಲಲಿಲ್ಲ. ಅತ್ತೆ ನೀರು ಕೊಟ್ಟರು, ಬೈದರು, ಕೊನೆಗೆ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಮನೆಗೆ ಬಂದರೆ ಗಂಡ ಒದ್ದೆ ತಲೆಯಲ್ಲಿ ಕೂತಿದ್ದರು. ಬೋಟಿನಲ್ಲಿ ದುಡಿಯುವವರು ಅವರು; ಆ ಹೊತ್ತಿಗೆ ಮನೆಯಲ್ಲಿ ಇರಬೇಕಾದವರಲ್ಲ.

"ಎಂತ ಇದ್?" ಎಂದೆ.

"ನೀರಿಗ್ ಬಿದ್ದೆ."

ಹುಟ್ಟಿದಾರಭ್ಯ ಕಡಲಲ್ಲೇ ಇದ್ದವರು ಬಂದರಿನಲ್ಲಿ ನೀರಿಗೆ ಬಿದ್ದರಂತೆ. ನಾನು ಅಷ್ಟು ದುಃಖದಲ್ಲೂ ನಕ್ಕುಬಿಟ್ಟೆ. ಅವರು ನಗಲಿಲ್ಲ. ನನ್ನ ಮೊಬೈಲು ಎಲ್ಲಿ ಎಂದು ಕೇಳಿದರೆ, ಪರದೆ ಒಡೆದಿತ್ತು, ರಿಪೇರಿಗೆ ಕೊಟ್ಟಿದ್ದೇನೆ ಎಂದರು. ಅಪ್ಪಯ್ಯನಿಗೆ ಅವರ ಫೋನಿನಿಂದಲೇ ಮಾಡಿದೆ. ಅಮ್ಮನಿಗೆ ಸ್ವಲ್ಪ ಜ್ವರ, ಮಲಗಿದ್ದಾಳೆ ಎಂದರು ಅಪ್ಪಯ್ಯ. ಅವರ ಹಿಂದೆ ತುಂಬ ಜನರ ಸದ್ದು ಕೇಳಿಸಿತು. ಟಿವಿ ಎಂದರು.

ಮರುದಿನವೂ ಎದುರು ದಡದಲ್ಲಿ ಯಾರೂ ಇರಲಿಲ್ಲ. ಅದರ ಮರುದಿನ ನಾನು ಮಂಚದಿಂದ ಇಳಿಯಲಿಲ್ಲ. ಅವಳು ಬರುವುದಿಲ್ಲವಾದರೆ ನಾನ್ಯಾಕೆ ನಡೆಯಬೇಕು. ಅತ್ತೆ ಅನ್ನ ತಂದರೆ ಗೋಡೆಯ ಕಡೆ ತಿರುಗಿದೆ. ಡಾಕ್ಟರಮ್ಮ ಹೇಳಿದ್ದೆಲ್ಲ ನೆನಪು ಮಾಡಿ ಹೆದರಿಸಿದರೆ, "ಕೊಯ್ಲಿ" ಎಂದೆ. ಕಾಲು ಮತ್ತೆ ಊದಿತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮತ್ತೆ ಏರಿತ್ತು. ಹೊಟ್ಟೆಯೊಳಗೆ ಒದೆತ ಕಡಿಮೆಯಾಗಿದೆ ಎಂದು ನನಗನಿಸಿತು, ಅದನ್ನೂ ಹೇಳಿದೆ. ಗಂಡ ಅದನ್ನು ಕೇಳಿ ಹಿತ್ತಿಲಿಗೆ ಹೋದರು. ತುಂಬ ಹೊತ್ತು ಯಾರೊಡನೆಯೋ ಫೋನಿನಲ್ಲಿ ಮೆಲ್ಲ ಮಾತಾಡಿದರು. ಒಳಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು.

"ನಾಳಿ ಹೋಪ. ಅಬ್ಬಿ ಬತ್ತ್ಳಂಬ್ರ್" ಎಂದರು.

ಮರುದಿನ ಸಂಜೆ ಕೆಂಪು ಸೀರೆ ಎದುರು ದಡದಲ್ಲಿ ನಿಂತಿತ್ತು.

ಆಗ ನನಗೆ ಗೊತ್ತಿರಲಿಲ್ಲ. ಆದರೆ ಓದುವವರನ್ನು ಕತ್ತಲೆಯಲ್ಲಿ ಇಡುವುದು ನನಗೆ ಇಷ್ಟವಿಲ್ಲ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಅಮ್ಮ ಬಾರದ ಆ ಮೊದಲ ಸಂಜೆಗೆ ಅವಳ ಚಿತೆ ಆರುತ್ತ ಬಂದಿತ್ತು. ಅಂದು ಬೆಳಿಗ್ಗೆ ಹೋಗಿಬಿಟ್ಟಿದ್ದಳು. ಗಂಡನ ತಲೆ ಒದ್ದೆಯಾಗಿದ್ದದ್ದು ಸ್ಮಶಾನದಿಂದ ಬಂದು ಮಿಂದದ್ದರಿಂದ. ಬಸುರಿಗೆ ಸಾವಿನ ಸುದ್ದಿ ಹೇಳಬಾರದು, ಹೆರುವವರೆಗೆ ತಿಳಿಯಬಾರದು ಎಂದು ಎರಡೂ ದಡದವರು ಸೇರಿ ತೀರ್ಮಾನಿಸಿದ್ದರು. ಮತ್ತೆ ಕೆಂಪು ಸೀರೆ ಉಟ್ಟು ಅಲ್ಲಿ ನಡೆದವರು ನನ್ನ ಅಪ್ಪಯ್ಯ.

ಅಪ್ಪಯ್ಯ ಯಕ್ಷಗಾನದಲ್ಲಿ ಹೆಣ್ಣು ವೇಷ ಮಾಡುತ್ತಿದ್ದವರು. ಪ್ರಾಯದಲ್ಲಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಮೇಳ ಹೋದಲ್ಲೆಲ್ಲ ಅವರ ರಾಣಿ ವೇಷ ನೋಡಲು ಜನ ಸೇರುತ್ತಿದ್ದರಂತೆ. ಹೆಂಗಸರೇ ಅವರನ್ನು ನೋಡಿ ನಡೆಯುವುದು ಕಲಿಯಬೇಕು ಎಂದು ಒಬ್ಬರು ಸಭೆಯಲ್ಲಿ ಹೇಳಿದ್ದನ್ನು ಅಮ್ಮ ಆಡಿಕೊಂಡು ನಗುತ್ತಿದ್ದಳು. ಮಂಡಿ ಸವೆದು ಮೇಳ ಬಿಟ್ಟು ಹತ್ತು ಹನ್ನೆರಡು ವರ್ಷವಾಗಿತ್ತು. ಹೆಂಡತಿಯನ್ನು ಸುಟ್ಟು ಬಂದ ಮನುಷ್ಯ, ಬೋಳಿಸಿದ ತಲೆಯ ಮೇಲೆ ಅವಳ ಸೆರಗು ಎಳೆದುಕೊಂಡು, ಸೂತಕದ ದಿನಗಳಲ್ಲೇ, ಕೋಡಿಯ ಅಷ್ಟೂ ಜನರ ಮುಂದೆ ದಡಕ್ಕೆ ಬಂದು ನಿಂತರು. ಒಬ್ಬರೂ ನಗಲಿಲ್ಲವಂತೆ. ಮಕ್ಕಳನ್ನು ಮನೆಯೊಳಗೆ ಕರೆದುಕೊಂಡರಂತೆ.

ನಾನು ಈಚೆ ದಡದಲ್ಲಿ ಅವರನ್ನು ಕಂಡು ಕುಣಿಯುವುದೊಂದು ಬಾಕಿ. ಅಮ್ಮ ನೆಟ್ಟಗೆ ನಿಂತಿದ್ದಾಳೆ. ಬೆನ್ನು ಬಾಗಿಲ್ಲ. ಕಲ್ಲಿನ ಮೇಲೆ ಕೂರುವುದಿಲ್ಲ. ಹಿಂದಿಗಿಂತ ಎತ್ತರ ಕಾಣುತ್ತಾಳೆ. ಹೆಜ್ಜೆ ಅಳೆದು ಅಳೆದು ಇಡುತ್ತಾಳೆ, ಅವಸರವಿಲ್ಲ, ಆಯಾಸವಿಲ್ಲ. ಔಷಧಿ ಹಿಡಿಯಿತು ಎಂದುಕೊಂಡೆ. ಜ್ವರ ಬಂದದ್ದು ಒಳ್ಳೆಯದಕ್ಕೇ, ಮೈಯ ಕೆಟ್ಟದ್ದೆಲ್ಲ ಇಳಿದುಹೋಯಿತು ಎಂದೆಲ್ಲ ನನ್ನದೇ ವೈದ್ಯಶಾಸ್ತ್ರ ಕಟ್ಟಿದೆ. ಅತ್ತೆಗೆ ಹೇಳಿದೆ, "ಕಾಣಿ, ನನ್ನ ಅಬ್ಬಿ ಎಷ್ಟ್ ಚಂದ ನಡಿತ್ಳ್." ಅತ್ತೆ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದರು. "ಹ್ಞೂಂ ಮಗಾ. ನೀ ನಡಿ" ಎಂದರು.

ದಾರಿಯಲ್ಲಿ ಮೀನು ಒಣಗಿಸುವ ಹೆಂಗಸರಿಗೂ ಹೇಳಿದೆ. ಬುದ್ಧಿ ಹೇಳಿ ಹೇಳಿ ನನ್ನ ಜೀವ ತಿಂದವರು ಅವರೇ. ಈಗ ಅವರೆಲ್ಲ ಮೆತ್ತಗಾಗಿದ್ದರು. "ಅಬ್ಬಿ ಬಂದ್ಳಾ?" ಎಂದು ಒಬ್ಬಳು ಕೇಳುತ್ತಿದ್ದಳು, "ಬಂದ್ಳ್, ಹುಷಾರಾಯ್ಳ್" ಎಂದರೆ ತಲೆ ತಗ್ಗಿಸಿ ಮೀನು ಮಗುಚುತ್ತಿದ್ದಳು. ಅಮ್ಮನ ಜೊತೆ ವರ್ಷಾನುಗಟ್ಟಲೆ ಹರಾಜಿನಲ್ಲಿ ಮೀನಿಗೆ ಜಗಳಾಡಿದ ಒಬ್ಬ ಮುದುಕಿ ಎದ್ದು ಬಂದು, ಮೀನಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಸುಮ್ಮನೆ ನನ್ನ ಹೊಟ್ಟೆ ಸವರಿ ಹೋದಳು. ಇಡೀ ಬಂದರಿಗೇ ತಿಳಿದಿತ್ತು. ಒಂದು ಗುಟ್ಟೂ ನಿಲ್ಲದ ಊರು ಅದು. ಯಾರ ಮನೆಯಲ್ಲಿ ಯಾವ ಮೀನು ಬೇಯಿತು ಎಂಬುದು ಆಚೆ ಕೇರಿಗೆ ಗೊತ್ತಾಗುವ ಊರು ನನಗಾಗಿ ಬಾಯಿಗೆ ಬೀಗ ಹಾಕಿಕೊಂಡಿತ್ತು.

ಮನೆಯಲ್ಲಿ ಅತ್ತೆ ಕೆಲವು ದಿನ ದೇವರಿಗೆ ದೀಪ ಹಚ್ಚಲಿಲ್ಲ. ಕೇಳಿದ್ದಕ್ಕೆ, ದೇವರ ಕೋಣೆಯಲ್ಲಿ ಇಲಿ ಸತ್ತಿದೆ, ವಾಸನೆ ಹೋಗಲಿ ಎಂದರು. ನಾನು ಮೂಗೆಳೆದು ನೋಡಿ, ವಾಸನೆ ಇಲ್ಲವಲ್ಲ ಎಂದೆ. "ಬಸ್ರಿ ಮೂಗಿಗೆ ಎಂತ ಗೊತ್ತಾತ್" ಎಂದು ಗದರಿದರು. ಅದಕ್ಕೂ ನಕ್ಕೆ. ಇದ್ದದ್ದು ಇದ್ದ ಹಾಗೆ ಹೇಳಬೇಕು: ಆ ಬಸುರಿನಲ್ಲಿ ನಾನು ಅತ್ಯಂತ ಸಂತೋಷವಾಗಿದ್ದದ್ದು ಅಮ್ಮ ಸತ್ತ ಮೇಲೆ. ಬೆಳಿಗ್ಗೆಯೂ ನಡೆದೆ, ಸಂಜೆಯೂ ನಡೆದೆ. ಅತ್ತೆಯ ಕೈಯಿಂದ ಪೊರಕೆ ಕಿತ್ತುಕೊಂಡು ಅಂಗಳ ಗುಡಿಸಿದೆ. ನೆಲಕ್ಕೆ ಕೂತು ತೆಂಗಿನಕಾಯಿ ತುರಿದೆ. ಸಕ್ಕರೆ ಇಳಿಯಿತು, ಮಗುವಿನ ತಲೆ ಸರಿಯಾಗಿ ಕೆಳಗೆ ಬಂದಿದೆ ಎಂದು ಡಾಕ್ಟರಮ್ಮ ಬೆನ್ನು ತಟ್ಟಿದರು.

ಕೊನೆಯ ದಿನಗಳಲ್ಲಿ ಎದುರು ದಡದ ನಡಿಗೆ ಬದಲಾಯಿತು. ರಾಣಿಯ ಹಾಗೆ ಅಳೆದಿಡುವ ಹೆಜ್ಜೆ ಹೋಗಿ ಗಿಡ್ಡ ಗಿಡ್ಡ ಚುರುಕು ಹೆಜ್ಜೆ ಬಂತು. ಬಲಗೈ ತಲೆಯ ಹತ್ತಿರಕ್ಕೆ ಅರ್ಧ ಎತ್ತಿರುತ್ತಿತ್ತು, ಇಲ್ಲದ ಬುಟ್ಟಿಯನ್ನು ಹಿಡಿದ ಹಾಗೆ. ಅದು ಅಮ್ಮನ ಹಳೆಯ ಅಭ್ಯಾಸ, ಬರಿಗೈಯಲ್ಲಿ ಮದುವೆಗೆ ಹೋದರೂ ಅವಳ ಬಲಗೈ ಮೇಲಕ್ಕೆ ಹೋಗುತ್ತಿತ್ತು. ಕಾಯಿಲೆ ಬಂದ ಮೇಲೆ ನಿಂತುಹೋದದ್ದು ಈಗ ಮರಳಿದೆಯಲ್ಲ ಎಂದು ನನ್ನ ಕಣ್ಣು ತುಂಬಿತು. ಇನ್ನು ಅಮ್ಮ ಪೂರ್ತಿ ಗುಣವಾದಳು, ಬಾಗಿಲು ತೆರೆಯುವುದಷ್ಟೇ ಬಾಕಿ ಎಂದುಕೊಂಡೆ.

ನೋವು ಬಂದದ್ದೂ ದಂಡೆಯ ಮೇಲೆಯೇ. ಸೊಂಟದ ಹಿಂದಿನಿಂದ ಹಿಡಿದು ಮುಂದಕ್ಕೆ ಬಂತು, ಹೋಯಿತು, ಮತ್ತೆ ಬಂತು. ನಾನು ಅತ್ತೆಯ ಹೆಗಲು ಹಿಡಿದು ನಿಂತು, ಆಚೆ ದಡಕ್ಕೆ ಎರಡೂ ಕೈ ಎತ್ತಿ ಬೀಸಿದೆ. ಅಲ್ಲಿ ಕೆಂಪು ಸೀರೆ ಇದ್ದಲ್ಲೇ ಕಲ್ಲಿನ ಮೇಲೆ ಕೂತಿತು. ಆಮೇಲೆ ಎರಡೂ ಕೈ ಜೋಡಿಸಿ ತಲೆಯ ಮೇಲೆ ಇಟ್ಟುಕೊಂಡಿತು. ಅಮ್ಮ ದೇವರಿಗೆ ಕೈ ಮುಗಿಯುತ್ತಿದ್ದಾಳೆ ಎಂದು ಅತ್ತೆಗೆ ಹೇಳಿದೆ. ಕಾರಿನಲ್ಲಿ ಸೇತುವೆ ದಾಟುವಾಗ ಅತ್ತೆ ಹೊಳೆಗೆ ಕೈ ಮುಗಿದರು. ಮರುದಿನ ಬೆಳಕು ಹರಿಯುವಾಗ ಮಗಳು ಹುಟ್ಟಿದಳು. ಕೊಯ್ಯಬೇಕಾಗಲಿಲ್ಲ. "ನಡೆದದ್ದಕ್ಕೆ" ಎಂದರು ಡಾಕ್ಟರಮ್ಮ.

ನಾನು ಮೊದಲು ಕೇಳಿದ್ದು, ಅಮ್ಮ ಎಲ್ಲಿ ಎಂದು. ಆಸ್ಪತ್ರೆಗೆ ಬಂದರೆ ಅವಳಿಗೆ ಸೋಂಕು ತಗಲುತ್ತದೆ ಎಂದರು ಗಂಡ. ಹಾಗಾದರೆ ಫೋಟೊ ಕಳಿಸಿ ಎಂದೆ. ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದು, "ಕಳ್ಸಿದೆ. ಕಂಡ್ ಖುಷಿ ಆಯ್ತಂಬ್ರ್" ಎಂದರು. ನಾನು ಆ ಮಾತನ್ನು ನಂಬಿ ಮಗುವಿನ ಕಿವಿಯಲ್ಲಿ ಹೇಳಿದೆ, ಅಜ್ಜಿ ನಿನ್ನನ್ನು ಕಂಡಳಂತೆ ಎಂದು. ಗಂಡನನ್ನು ಇವತ್ತಿಗೂ ನಾನು ಆ ಒಂದು ಮಾತಿಗೆ ಪೂರ್ತಿ ಕ್ಷಮಿಸಿಲ್ಲ. ಅವರಿಗೂ ಗೊತ್ತು.

ಹೆರಿಗೆಯ ಮೈಲಿಗೆ, ಅಮೆ, ಕಳೆದು ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆಯೇ ಮಿಂದು, ಮಗುವನ್ನು ಮೀಯಿಸಿ, ಅಮ್ಮನಿಗಾಗಿ ಕಾದೆ. ಹೊಳೆ ದಾಟಬಾರದೆಂಬ ಶಾಸ್ತ್ರ ಮುಗಿಯಿತು, ಮುಖ ನೋಡಬಾರದೆಂಬ ಶಾಸ್ತ್ರವೂ ಮುಗಿಯಿತು. ಅವಳು ಬಾರದಿದ್ದರೆ ನಾನೇ ಹೋಗುವವಳಿದ್ದೆ. ರಿಕ್ಷಾ ಬಂತು. ಅಪ್ಪಯ್ಯ ಒಬ್ಬರೇ ಇಳಿದರು. ತಲೆಯ ಮೇಲೆ ಶಾಲು ಸುತ್ತಿದ್ದರು. ಜಗುಲಿ ಹತ್ತುವಾಗ ಅದು ಜಾರಿತು. ಬೋಳಿಸಿದ ತಲೆಯ ಮೇಲೆ ಬಿಳಿ ಕೂದಲು ಚಿಗುರುತ್ತಿತ್ತು, ಮೀಸೆಯೂ ಇರಲಿಲ್ಲ.

ಯಾರೂ ಏನೂ ಹೇಳಬೇಕಾಗಲಿಲ್ಲ. ಮಗು ಕಿರುಚುವಷ್ಟು ಬಿಗಿಯಾಗಿ ಅದನ್ನು ಎದೆಗೆ ಒತ್ತಿಕೊಂಡೆ. ಅತ್ತೆ ಮಗುವನ್ನು ಬಿಡಿಸಿಕೊಳ್ಳಲು ಬಂದರೆ ಕೈ ಕೊಡವಿದೆ. ಎಲ್ಲರನ್ನೂ ಬೈದೆ. ಗಂಡನನ್ನು, ಅತ್ತೆಯನ್ನು, ಮೀನು ಒಣಗಿಸುವವರನ್ನು, ಸತ್ತವಳನ್ನೂ ಬಿಡಲಿಲ್ಲ, ಬಾಗಿಲು ತೆಗೆಯದೆ ಹೋದಳಲ್ಲ ಎಂದು. ನನ್ನ ಅಮ್ಮ ಸತ್ತದ್ದು ಊರಿನ ನಾಯಿಗೂ ಗೊತ್ತು, ನನಗೆ ಗೊತ್ತಿಲ್ಲ.

"ಕೇಂಡ್ ಮೇಲೆ ಸೂತಕ ಮಗಾ" ಎಂದರು ಅತ್ತೆ, ಅಳುತ್ತ. "ನಿನ್ನ ಕಿವಿಗ್ ಬೀಳೂಕಾಗ ಅಂದೇ ಎಲ್ಲ ಬಾಯ್ ಮುಚ್ಕಂಡದ್ದ್. ನಿಂಗೂ ಶಿಶುಗೂ ಎಂತಾರೂ ಆರೆ ನಾನ್ ನಿನ್ನ ಅಬ್ಬಿಗೆ ಎಂತ ಹೇಳುದ್?"

"ಹಾಂಗಾರೆ ದಡದಲ್ ನಡ್ದದ್ ಯಾರ್?" ಎಂದೆ.

ಅಪ್ಪಯ್ಯ ಜಗುಲಿಯ ಅಂಚಿನಲ್ಲಿ ಕೂತಿದ್ದರು. ನೆಲ ನೋಡುತ್ತ, "ನಾನೇ" ಎಂದರು.

ಮಗು ಅತ್ತು ಸುಸ್ತಾಗಿ ಹಾಲು ಹುಡುಕಿತು. ಕೊಟ್ಟೆ. ಸಿಟ್ಟು ಹೇಗೆ ಇಳಿಯಿತೋ ಗೊತ್ತಿಲ್ಲ, ಬಾಯಿಗೆ ಬಂದದ್ದು ಬೇರೆ ಮಾತು. ಅಮ್ಮ ಗುಣವಾದಳು ಎಂದುಕೊಂಡೆನಲ್ಲ, ಅಷ್ಟು ಚೆನ್ನಾಗಿ ಯಾಕೆ ನಡೆದಿರಿ ಎಂದು ಕೇಳಿದೆ. ನಿಜವಾದ ಅಮ್ಮನ ಹಾಗೆ ಬಾಗಿ, ಕೂತು ಕೂತು ನಡೆದಿದ್ದರೆ ನಾನು ಇಷ್ಟು ಆಸೆ ಕಟ್ಟಿಕೊಳ್ಳುತ್ತಿರಲಿಲ್ಲ.

ಅಪ್ಪಯ್ಯ ಜಾರಿದ ಶಾಲನ್ನು ಹೆಗಲಿಗೆ ಎಳೆದುಕೊಂಡರು.

"ಸೀರಿ ಉಟ್ಟ್ ಆಯ್ತ್ ಮಗಾ, ಸೆರಗ್ ಹೊದ್ದ್ ಆಯ್ತ್. ಕಾಲ್ ಎತ್ತಿಡೂಕ್ ಹೋರೆ, ಅವ್ಳ್ ಹ್ಯಾಂಗ್ ನಡಿತಿದ್ಲ್ ಅಂದೇ ನೆನಪಾತಿಲ್ಲೆ. ಮೇಳ ಮುಗ್ಸಿ ನಾ ಮನಿಗ್ ಬಪ್ಪತಿಗೆ ಅವ್ಳ್ ಬುಟ್ಟಿ ಹೊತ್ಕಂಡ್ ಹೋಯಾಯ್ತಿತ್. ಅವ್ಳ್ ಬಪ್ಪತಿಗೆ ನಾ ಮಲ್ಕಂಡಿಪ್ದ್. ಮೇಳ ಬಿಟ್ಟ್ ಮೇಲಾದ್ರೂ ಕಂಡ್ನಾ? ಇಲ್ಲೆ. ಮನಿಯವ್ಳ್ ನಡುದ್ ಯಾರ್ ಕಾಂತ್ರ್? ಅದ್ಕೆ ನಂಗ್ ಬಪ್ದ್ ನಡ್ದೆ. ರಾಣಿ ನಡಿಗಿ."

ಮತ್ತೆ ಆ ಕೊನೆಯ ದಿನಗಳ ನಡಿಗೆ, ಕೈ ಮೇಲೆತ್ತಿದ್ದು ಎಲ್ಲಿಂದ ಬಂತು ಎಂದು ಕೇಳಿದೆ.

"ಅವ್ಳ್ ಒಟ್ಟಿಗ್ ಮೀನ್ ಮಾರುಕ್ ಹೋಪವ್ಳ್ ಕಂಡ್ ಬೈದ್ಲ್. ಅವ್ಳ್ ಹೀಂಗಾ ನಡಿತಿದ್ದದ್, ಇಷ್ಟ್ ವರ್ಷ ಸಂಸಾರ ಮಾಡಿ ಅಷ್ಟೂ ಗೊತ್ತಿಲ್ಯಾ ಅಂದ್ಲ್. ಅಂಗ್ಳದಲ್ ನಡ್ದ್ ತೋರ್ಸಿ ಕೊಟ್ಲ್. ನಾ ಕಲ್ತೆ." ಅವರು ಮಂಡಿ ಸವರಿಕೊಂಡರು. "ಎಷ್ಟೋ ಹೆಂಗ್ಸ್ರ ನಡಿಗಿ ಕಂಡ್ ಕಂಡ್ ಕಲ್ತವ ನಾನ್. ಅವ್ಳ್ ನಡಿಗಿ ಕಲ್ತದ್ ಅವ್ಳ್ ಹೋದ್ಮೇಲೆ."

ನಾನು ಅಪ್ಪಯ್ಯನ ಮೇಲೆ ಇನ್ನೂ ಉಳಿದಿದ್ದ ಸಿಟ್ಟನ್ನೆಲ್ಲ ಎಲ್ಲಿ ಇಡಬೇಕೋ ತಿಳಿಯದೆ ಸುಮ್ಮನೆ ಅತ್ತುಬಿಟ್ಟೆ. ಅವರೂ ಅತ್ತರು. ಮಗುವಿಗೆ ಹೊಟ್ಟೆ ತುಂಬಿ, ಅದು ಕಣ್ಣು ಬಿಟ್ಟು ಮಾಡಿನ ಕಡೆ ನೋಡುತ್ತಿತ್ತು.

"ಒಂದ್ಸಲ ನಡ್ದ್ ತೋರ್ಸಿ" ಎಂದೆ. "ಇವ್ಳ್ ಕಾಣ್ಲಿ."

ಅಪ್ಪಯ್ಯ ಬೇಡವೆಂದು ತಲೆ ಆಡಿಸಿದರು. ಆಮೇಲೆ ಮಂಡಿಗೆ ಕೈ ಕೊಟ್ಟು ಎದ್ದರು. ಶಾಲನ್ನು ಸರಿಯಾಗಿ ತಲೆಯ ಮೇಲೆ ಎಳೆದುಕೊಂಡರು. ಬಲಗೈ ಅರ್ಧ ಮೇಲಕ್ಕೆ ಹೋಯಿತು, ಹೆಜ್ಜೆ ಗಿಡ್ಡದಾಯಿತು, ಚುರುಕಾಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. ನಾನು ಮಗುವಿನ ಕತ್ತಿನ ಕೆಳಗೆ ಕೈ ಕೊಟ್ಟು ಅದರ ಮುಖವನ್ನು ಜಗುಲಿಯ ಕಡೆಗೆ ತಿರುಗಿಸಿ ಹಿಡಿದೆ. ಅವರು ಆ ತುದಿಯವರೆಗೆ ಹೋದರು, ತಿರುಗಲು ಆಗಲಿಲ್ಲ, ಗೋಡೆಗೆ ಹಣೆ ಇಟ್ಟು ಅಲ್ಲೇ ನಿಂತುಬಿಟ್ಟರು. ನನ್ನ ಮಗಳು ತನ್ನ ಅಜ್ಜಿಯನ್ನು ಕಂಡದ್ದು ಅಷ್ಟೇ.